ಹಗ್ಗದ ಅಜ್ಜಿಯ ಚೀಟಿ

ನಿಘಂಟು ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಬಾಗಿಲು ಕಾಯುವವನಿಗೂ ಅಕ್ಕ, ಅವಳಿಗಿಂತ ಹತ್ತು ವರ್ಷ ಹಿರಿಯರಾದ ಪ್ರಧಾನ ಸಂಪಾದಕರಿಗೂ ಅಕ್ಕ. ಅಲ್ಲಿ ಸಿದ್ಧವಾಗುತ್ತಿದ್ದದ್ದು ಅಕ್ಷರದ ಸಾಲಿನಲ್ಲಿ ಅಲ್ಲ, ಅರ್ಥದ ಗುಂಪಿನಲ್ಲಿ ಜೋಡಿಸಿದ ನಿಘಂಟು. ಅಳುವ ಮಾತುಗಳು ಒಂದು ಕಡೆ, ಅಳೆಯುವ ಮಾತುಗಳು ಇನ್ನೊಂದು ಕಡೆ. ತಿರುಗುವ, ಸುತ್ತುವ ಮಾತುಗಳೆಲ್ಲ ಕಿಟಕಿಯ ಪಕ್ಕದ ಡ್ರಾಯರಿನಲ್ಲಿ. ಹನ್ನೊಂದು ವರ್ಷದಿಂದ ಆ ಡ್ರಾಯರು ಅಕ್ಕನದು.

ಹೆತ್ತವಳು ಮಕ್ಕಳ ಗುಣ ಬಲ್ಲಂತೆ ಅವಳು ಆ ಮಾತುಗಳ ಗುಣ ಬಲ್ಲಳು. ಬುಗುರಿ ಗಿರಗಿರ ತಿರುಗುತ್ತದೆ, ಬೀಸುವ ಕಲ್ಲು ಗರಗರ. ಹದ್ದು ಗಿರಕಿ ಹೊಡೆಯುತ್ತದೆ, ನೀರು ಸುಳಿ ತಿರುಗುತ್ತದೆ, ನಿಜ ಹೇಳಲು ಧೈರ್ಯವಿಲ್ಲದವನು ಸುತ್ತಿ ಬಳಸಿ ಮಾತಾಡುತ್ತಾನೆ. ಗುಂಡುಕಲ್ಲು ಉರುಳುತ್ತದೆ, ನಿದ್ದೆ ಬಾರದವಳು ಹೊರಳುತ್ತಾಳೆ. ನಿದ್ದೆ ಬಾರದವಳು ಉರುಳುವುದೂ ಉಂಟು, ಮಂಚ ಸಣ್ಣದಿದ್ದರೆ. ಒಂದೊಂದಕ್ಕೂ ಒಂದೊಂದು ಚೀಟಿ: ಮೇಲೆ ಪದ, ನಡುವೆ ಅರ್ಥ ಮತ್ತು ಪ್ರಯೋಗ, ಕೆಳಗೆ ಅದು ಸಿಕ್ಕ ಜಾಗ, ಮೂಲೆಯಲ್ಲಿ ಬರೆದವರ ಸಹಿ. ಯಾರೇ ಚೀಟಿಯನ್ನು ಹೊರತೆಗೆದರೂ ಅದರ ಜಾಗದಲ್ಲಿ ತಮ್ಮ ಹೆಸರು, ತಾರೀಖು ಬರೆದ ಗುಲಾಬಿ ಚೀಟಿಯೊಂದನ್ನು ಇಡಬೇಕು. ಈ ನಿಯಮ ತಂದವಳೂ ಅಕ್ಕನೇ. ಮರೆತವರಿಗೆ ಅವಳ ಬಾಯಿಂದ ಉಳಿಗಾಲವಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಕಚೇರಿಗೆ ಒಬ್ಬ ಹುಡುಗಿ ಬಂದಳು. ಕೂತಲ್ಲಿ ಕೂರುವವಳಲ್ಲ. 'ಇದೇನು, ಬುಗುರಿ ಬಂದ ಹಾಗಿದೆ' ಎಂದು ಮೊದಲ ದಿನವೇ ಅಕ್ಕ ಅಂದದ್ದು ಹೆಸರಾಗಿ ಅಂಟಿಕೊಂಡಿತು. ಬುಗುರಿ ಪುಸ್ತಕ ಬಿಚ್ಚುತ್ತಿರಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಬೀದಿ ಬೀದಿ ಅಲೆದು, ಕುಂಬಾರನನ್ನೂ ಸಾಣೆ ಹಿಡಿಯುವವನನ್ನೂ ಮಾತಾಡಿಸಿ, ಸಂಜೆ ಮೈತುಂಬ ಧೂಳು, ಚೀಲದ ತುಂಬ ಮಾತು ಹೊತ್ತು ಬರುತ್ತಿದ್ದಳು. ಸೋಮವಾರದ ಸಭೆಯಲ್ಲಿ ಸಂಪಾದಕರು ಅವಳ ಚೀಟಿಗಳನ್ನು ಗಟ್ಟಿಯಾಗಿ ಓದುವರು. ಅಕ್ಕನ ಚೀಟಿಯನ್ನು ಅವರು ಒಮ್ಮೆಯೂ ಗಟ್ಟಿಯಾಗಿ ಓದಿರಲಿಲ್ಲ. 'ಸರಿ ಇದೆ' ಎನ್ನುತ್ತಿದ್ದರು, ಅಷ್ಟೆ.

ಈ ಸೋಮವಾರ ಅವರು ಕನ್ನಡಕ ಒರೆಸಿಕೊಳ್ಳುತ್ತ, "ತಿರುಗುವ ಮಾತುಗಳ ಭಾಗಕ್ಕೆ ಮುನ್ನುಡಿ ಬೇಕಲ್ಲ. ಈ ಹುಡುಗಿ ಬರೀಲಿ ಅಂತ ನನ್ನ ಮನಸ್ಸು. ನೀವೇನಂತೀರಿ ಅಕ್ಕಾ?" ಎಂದರು.

ಆ ಮುನ್ನುಡಿಯ ಮೊದಲ ವಾಕ್ಯವನ್ನು ಅಕ್ಕ ಆರು ವರ್ಷದಿಂದ ಬಸ್ಸಿನಲ್ಲಿ, ಬಚ್ಚಲಿನಲ್ಲಿ ತಿದ್ದುತ್ತಿದ್ದಳು.

"ಬರೀಲಿ, ಅದಕ್ಕೇನು," ಎಂದಳು. ನಕ್ಕಳು ಕೂಡ.

ಎಲ್ಲರೂ ಊಟಕ್ಕೆ ಎದ್ದಾಗ ಅವಳು ಡ್ರಾಯರು ಎಳೆದಳು. ಬುಗುರಿಯ ಚೀಟಿಗಳಲ್ಲಿ ಹುಳುಕು ಸಿಕ್ಕರೆ ಊಟ ರುಚಿಸೀತು ಎಂಬ ಆಸೆ. ಸಿಕ್ಕಿದ್ದು ಬೇರೆ.

'ಹೊಸೆ: ನಾರಿನ ಎಳೆಗಳನ್ನು ತೊಡೆಯ ಮೇಲಿಟ್ಟು, ಅಂಗೈಯಿಂದ ಮುಂದಕ್ಕೆ ತಿರುಚುತ್ತಾ ಹೋಗಿ ಹಗ್ಗ ಮಾಡು. "ಮಗಳ ತೊಟ್ಟಿಲಿಗೆ ನಾನೇ ಹಗ್ಗ ಹೊಸೆದೆ. ಮಗಳು ದೊಡ್ಡೋಳಾದ್ಲು, ಹಗ್ಗ ಹಾಗೇ ಇದೆ." ಸಿಕ್ಕ ಜಾಗ: ಹಗ್ಗದ ಅಜ್ಜಿ, ಎಪ್ಪತ್ತೆಂಟು ವರ್ಷ, ಕೆರೆಯ ಹಿಂದಿನ ಬೀದಿ, ನೀಲಿ ಬಾಗಿಲಿನ ಮನೆ.'

ಆ ಬಾಗಿಲಿಗೆ ನೀಲಿ ಬಣ್ಣ ಆರಿಸಿದವಳು ಅಕ್ಕ. ಆ ಮನೆಯಲ್ಲಿರುವುದು ಅವಳ ಅಮ್ಮ.

ಮುನ್ನುಡಿ ಹೋದದ್ದು ಒಂದು ಉರಿ. ಇದು ಉರಿಯ ಮೇಲೆ ಉಪ್ಪು. ಹನ್ನೊಂದು ವರ್ಷ ಊರಿನ ಗ್ರಂಥಾಲಯಗಳನ್ನೆಲ್ಲ ಜಾಲಾಡಿದ್ದಳು; ಹೊಸೆಯುವ ಮಾತು ಅವಳ ಅಮ್ಮನ ತೊಡೆಯ ಮೇಲೇ ಇತ್ತು. ಅದನ್ನು ಎತ್ತಿಕೊಂಡು ಬಂದವಳು ಬುಗುರಿ! ಅಕ್ಕ ಅತ್ತಿತ್ತ ನೋಡಿ, ಚೀಟಿಯನ್ನು ಕೈಚೀಲಕ್ಕೆ ತುರುಕಿ, ಡ್ರಾಯರು ಮುಚ್ಚಿದಳು. ಚೀಟಿ ಕಳೆದರೆ ಪ್ರಯೋಗವಿಲ್ಲ, ಪ್ರಯೋಗವಿಲ್ಲದಿದ್ದರೆ ಬುಗುರಿಯ ಮುನ್ನುಡಿಗೆ ಮುಕುಟವಿಲ್ಲ.

ಸಂಜೆ ಅವಳು ಮನೆಗೆ ಹೋಗದೆ ನೇರ ಅಮ್ಮನಲ್ಲಿಗೆ ಹೋದಳು.

"ಇವತ್ತು ಭಾನುವಾರ ಅಲ್ವಲ್ಲ. ಯಾರಿಗೇನಾಯ್ತು?" ಎಂದಳು ಅಮ್ಮ.

"ಏನೂ ಆಗಿಲ್ಲ. ಯಾರೋ ಹುಡುಗಿ ಬಂದಿದ್ಲಂತೆ?"

"ಮೂರು ಸಲ ಬಂದ್ಲು! ಚಿನ್ನದಂಥ ಹುಡುಗಿ. ಬಂದೋಳೇ ನೆಲದ ಮೇಲೆ ನನ್ನ ಪಕ್ಕ ಕೂತ್ಲು. ನೀನು ಬಂದ್ರೆ ಕುರ್ಚಿ ಹುಡುಕ್ತೀಯ."

"ನಂಗೆ ಮಂಡಿ ನೋವಮ್ಮ."

"ನಂಗೆ ಮಂಡೀನೇ ಇಲ್ವಾ?"

ಅಕ್ಕ ಕುರ್ಚಿ ಬಿಟ್ಟು ನೆಲಕ್ಕೆ ಕೂತಳು. ಮಂಡಿ ಲಟಕ್ಕೆಂದಿತು. "ಹಗ್ಗದ ಕಥೆ ಎಲ್ಲಾ ಅವಳಿಗೆ ಹೇಳಿದ್ಯಲ್ಲ, ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಯಾವಾಗ ಕೇಳ್ದೆ? ಮಾತ್ರೆ ನುಂಗಿದ್ಯಾ, ಚಿಲಕ ಹಾಕ್ಕೊಂಡ್ಯಾ ಅಂತೀಯ. ಅದಕ್ಕೆಲ್ಲ ಉತ್ತರ ಹೇಳಿದೀನಿ."

ಅಕ್ಕ ಚೀಟಿ ತೆಗೆದು ಗಟ್ಟಿಯಾಗಿ ಓದಿದಳು. ತೊಟ್ಟಿಲಿನ ಮಾತು ಬಂದಾಗ ಅಮ್ಮ ಕೊಡೆ ನೇತುಹಾಕಿದ ಮೊಳೆಯತ್ತ ಗದ್ದ ಎತ್ತಿದಳು. ಕೊಡೆಯ ಹಿಂದೆ ಕಂದು ಬಣ್ಣದ ಹಗ್ಗದ ಸುರುಳಿ. ಇಷ್ಟು ವರ್ಷ ಅಕ್ಕ ಅದರ ಮೇಲೇ ಕೊಡೆ ನೇತುಹಾಕುತ್ತಿದ್ದಳು.

"ಆದ್ರೆ ನಿನ್ನ ಹುಡುಗಿ ತಪ್ಪು ಬರ್ಕೊಂಡಿದಾಳೆ," ಎಂದು ಅಮ್ಮ ನಕ್ಕಳು. "ಬರೀ ಮುಂದಕ್ಕೆ ತಿರುಚಿದ್ರೆ ಹಗ್ಗ ಆಗತ್ತಾ? ಎರಡು ಎಳೇನೂ ಬೇರೆ ಬೇರೆಯಾಗಿ ಮುಂದಕ್ಕೆ ಹೊಸೀಬೇಕು, ಆಮೇಲೆ ಎರಡನ್ನೂ ಸೇರಿಸಿ ಹಿಂದಕ್ಕೆ ಎಳೀಬೇಕು. ಇಲ್ದಿದ್ರೆ ಕೈ ಬಿಟ್ಟ ಕೂಡ್ಲೇ ಗಿರ್ರಂತ ಬಿಚ್ಕೊಳತ್ತೆ."

"ನನ್ನ ಹುಡುಗಿ ಅಲ್ಲ ಅವಳು," ಎಂದಳು ಅಕ್ಕ. ಆದರೆ ಅವಳ ಎದೆ ಕುಣಿಯಿತು. ತಪ್ಪು! ಚೀಟಿಯನ್ನು ಸದ್ದಿಲ್ಲದೆ ಇದ್ದಲ್ಲೇ ಇಟ್ಟುಬಿಡುವುದು, ಅದು ಹಾಗೇ ಅಚ್ಚಾಗಲಿ. ಹಗ್ಗ ಹೊಸೆಯಲು ಬಲ್ಲ ಯಾವನಾದರೂ ಓದಿ ನಗಲಿ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಮರುದಿನ ಅವಳು ಬೇಗ ಬಂದಳು. ಬುಗುರಿ ಅವಳಿಗಿಂತ ಮೊದಲೇ ಬಂದು ಡ್ರಾಯರಿನ ಮುಂದೆ ನಿಂತಿದ್ದಳು. ಕೈಯಲ್ಲಿ ಗುಲಾಬಿ ಚೀಟಿ.

"ಅಕ್ಕಾ, 'ಹೊಸೆ' ನಿಮ್ಮ ಹತ್ರ ಇದೆಯಲ್ಲ?"

ಅಕ್ಕ ಗುಲಾಬಿ ಚೀಟಿ ನೋಡಿದಳು. ತನ್ನದೇ ದುಂಡು ಅಕ್ಷರ, ತನ್ನದೇ ಹೆಸರು, ನಿನ್ನೆಯ ತಾರೀಖು. ಕದಿಯುವ ಹೊತ್ತಿನಲ್ಲೂ ಹನ್ನೊಂದು ವರ್ಷದ ಕೈ ತನ್ನಷ್ಟಕ್ಕೆ ನಿಯಮ ಪಾಲಿಸಿಬಿಟ್ಟಿತ್ತು. ಕಳ್ಳತನಕ್ಕೆ ರಸೀದಿ ಬರೆದುಕೊಟ್ಟವಳು ಲೋಕದಲ್ಲಿ ಇವಳೊಬ್ಬಳೇ ಇದ್ದಾಳು.

"ನೀವೇ ನೋಡೋಕೆ ತಗೊಂಡ್ರಲ್ಲ, ನಂಗೆ ಜೀವ ಬಂತು," ಎಂದಳು ಬುಗುರಿ. "ಅದರ ಮೇಲೆ ನಂಗೇ ಅನುಮಾನ. ಅಜ್ಜಿ ಕೈ ಹೇಗೆ ಓಡ್ತಿತ್ತು ಅಂತ ನೋಡ್ಲೇ ಇಲ್ಲ, ಮುಖ ನೋಡ್ತಾ ಕೂತುಬಿಟ್ಟೆ. ಅವರು ಎಷ್ಟು ಮಗಳ ಮಾತಾಡ್ತಾರೆ ಅಂತೀರಿ! ನನ್ನ ಮಗಳಿಗೆ ಗೊತ್ತಿಲ್ಲದ ಮಾತೇ ಇಲ್ಲ, ಅವಳ ಹತ್ರ ಹೋಗಿ ಕೇಳು ಅಂತಾರೆ. ಮೂರು ಸಲ ಹೋದ್ರೂ ಅದೇ. ನಿಜ ಹೇಳ್ಲಾ? ಆ ಮಗಳ ಮೇಲೆ ನಂಗೆ ಹೊಟ್ಟೆ ಉರೀತು. ನಮ್ಮಮ್ಮ ನನ್ನ ಬಗ್ಗೆ ಒಂದು ಸಲಾನೂ ಹಾಗಂದಿಲ್ಲ."

ಅಕ್ಕ ಕೈಚೀಲ ಬಿಚ್ಚಿದಳು. ಚೀಟಿಯನ್ನು ಮೇಜಿನ ಮೇಲಿಟ್ಟು, 'ಮುಂದಕ್ಕೆ ತಿರುಚುತ್ತಾ ಹೋಗಿ' ಎಂಬುದರ ಮೇಲೆ ಗೆರೆ ಎಳೆದು, 'ಬೇರೆ ಬೇರೆಯಾಗಿ ಮುಂದಕ್ಕೆ, ಬಳಿಕ ಜೋಡಿಸಿ ಹಿಂದಕ್ಕೆ ತಿರುಚಿ' ಎಂದು ಬರೆದಳು. ಮೂಲೆಯಲ್ಲಿ ಬುಗುರಿಯ ಸಹಿಯ ಕೆಳಗೆ ತನ್ನದನ್ನು ಹಾಕಿದಳು. ಪೆನ್ನಿನ ಮುಚ್ಚಳ ಹಾಕಿದವಳು ಮತ್ತೆ ತೆಗೆದಳು. 'ಹಗ್ಗದ ಅಜ್ಜಿ' ಎಂಬುದನ್ನು ಹೊಡೆದುಹಾಕಿ, ಸ್ವಲ್ಪ ಒತ್ತಿಯೇ, 'ನನ್ನ ಅಮ್ಮ' ಎಂದು ಬರೆದಳು. ಇಂಥ ಮೂಲವನ್ನು ಅವಳ ನಿಯಮ ಒಪ್ಪುತ್ತಿರಲಿಲ್ಲ.

ಬುಗುರಿ ಓದಿ, ಚೀಟಿ ಹಿಡಿದುಕೊಂಡು ನಿಂತಳು. ಅವಳು ಅಲುಗಾಡದೆ ನಿಂತದ್ದನ್ನು ಕಚೇರಿಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

"ಮುನ್ನುಡಿ ಬರಿ," ಎಂದಳು ಅಕ್ಕ. "ಬರೆದು ನಂಗೆ ತೋರ್ಸು, ತಿದ್ದೋದು ಬೇಕಾದಷ್ಟಿರತ್ತೆ. ಅಮ್ಮನ ಹತ್ರ ಬೇಕಾದಾಗ ಹೋಗು, ಬೇಡ ಅನ್ನಲ್ಲ."

"ಆಗ್ಲಿ ಅಕ್ಕಾ."

"ಭಾನುವಾರ ಮಾತ್ರ ಹೋಗ್ಬೇಡ. ಭಾನುವಾರ ನಂದು."