ಕೋವಿಯ ಕೆಂಪು ಗೆರೆ

ನಾರ್ಬರ್ಟ್ ಆ ಕೋವಿ ಕೊಂಡು ತಂದ ದಿನ ಗೆಳೆಯ ಲೈಲ್ ಬ್ರೆಕಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕೋವಿನೋ, ನೀರಿನ ಪೈಪಿಗೆ ಹಿಡಿ ಹಾಕಿದ್ದೋ?" ಎಂದು ಕೇಳಿದ್ದ. ಹಿಡಿ ಹಿಂದಕ್ಕೆಳೆದು ತೋಟಾ ಏರಿಸುವ, ಹೆಸರುವಾಸಿ ಕಂಪನಿಯ ಪಂಪ್ ಕೋವಿಯೊಂದರ ನಕಲು ಅದು. ಕಡಲಾಚೆ ಎಲ್ಲೋ ತಯಾರಾಗಿ ಬಂದು, ಅಸಲಿಯ ಅರ್ಧ ಬೆಲೆಗೆ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನೇತಾಡುತ್ತಿತ್ತು. ಒಂದೇ ಕಾಫಿಪುಡಿಯನ್ನು ಎರಡು ಸಲ ಸೋಸಿ ಕುಡಿಯುವ ಜಾತಿ ನಾರ್ಬರ್ಟನದು.

"ಬಾತುಕೋಳಿ ಬೆಲೆ ಚೀಟಿ ಓದಲ್ಲ ಕಣಯ್ಯಾ," ಎಂದಿದ್ದ ಅವನು. "ನಿನ್ ಕೈಲಾದ್ರೆ ರಿಪೇರಿ ಮಾಡು, ಇಲ್ದಿದ್ರೆ ಬಾಯ್ ಮುಚ್ಕೊಂಡ್ ಬಿಯರ್ ಕುಡಿ."

ಲೈಲ್ ರಿಪೇರಿ ಮಾಡಿದ. ಒಂದು ವರ್ಷವಲ್ಲ, ಹನ್ನೊಂದು ವರ್ಷ ಮಾಡಿದ. ಮೊದಲು ತೋಟಾಗಳನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಬದಲಾಯಿತು, ಆಮೇಲೆ ಅದರ ತುದಿಯ ಪ್ಲಾಸ್ಟಿಕ್ಕಿನ ತುಣುಕು. ನಾರ್ಬರ್ಟನ ಹೆಗಲು ನೋಯತೊಡಗಿದ ವರ್ಷ ಬುಡಕ್ಕೆ ಮೆತ್ತನೆಯ ರಬ್ಬರ್ ಬಂತು. ಕಣ್ಣು ಮಂಜಾದ ವರ್ಷ ಗುರಿ ಹಿಡಿಯಲು ನಳಿಗೆಯ ತುದಿಗೆ ಹೊಳೆಯುವ ಹಸಿರು ಮಣಿ ಬಂತು. ಅಸಲಿ ಕೋವಿಗೆಂದು ಮಾಡಿದ ಬಿಡಿಭಾಗಗಳು ನಕಲಿಗೂ ಕೂರುತ್ತವೆ, ಆ ನಕಲಿನ ದೊಡ್ಡ ಗುಣವೇ ಅದು. ನೂರಕ್ಕೆ ತೊಂಬತ್ತು ಕೂರುತ್ತವೆ. ಉಳಿದ ಹತ್ತಕ್ಕೆ ಲೈಲನ ಹತ್ತಿರ ಅರ ಇತ್ತು, ಉಜ್ಜುವ ತಾಳ್ಮೆಯೂ ಇತ್ತು.

ನದಿ ದಂಡೆಯ ನಮ್ಮೂರಲ್ಲಿ ಲೈಲನ ಕೈಯನ್ನು ಅನುಮಾನಿಸಿದವರಿಲ್ಲ. ಮೂವತ್ತೊಂದು ವರ್ಷ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಊರ ಮಕ್ಕಳಿಗೆ ಕೋವಿ ಹಿಡಿಯುವ ಪಾಠ ಹೇಳಿದವನು ಅವನು. ಪ್ರತಿ ಮಾರ್ಚ್ ತಿಂಗಳ ಮೊದಲ ಪಾಠ ಒಂದೇ: "ಸೇಫ್ಟಿ ಅನ್ನೋದು ಒಂದು ತಗಡು, ತಗಡು ಕೆಡತ್ತೆ. ಕೋವಿ ಬಿಚ್ಚಿ ಜೋಡಿಸಿದ್ರೆ, ಖಾಲಿ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಬಲವಾಗಿ ಎಳೆದು ನೋಡಿ. ನೋಡ್ದೆ ಯಾರ ಕೈಗೂ ಕೊಡಬೇಡಿ." ಇವತ್ತು ಟ್ರಕ್ಕು ಓಡಿಸುವ, ಹಾಲಿನ ಡೇರಿ ನಡೆಸುವ ಗಂಡಸರೆಲ್ಲ ಈ ಮಾತನ್ನು ನಿದ್ದೆಯಲ್ಲೂ ಒಪ್ಪಿಸುತ್ತಾರೆ.

ಹೋದ ವರ್ಷದ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ನಾರ್ಬರ್ಟನ ಬೆರಳುಗಳು ಜೋಮು ಹಿಡಿದಿದ್ದವು. ಟ್ರಿಗರಿನ ಹಿಂದಿದ್ದು ಅದನ್ನು ತಡೆಹಿಡಿಯುವ ಸೇಫ್ಟಿಯ ಪುಟ್ಟ ಗುಂಡಿ ಕೈಗೆ ಸಿಗುತ್ತಿರಲಿಲ್ಲ. ಬೆರಳಿನ ಜೊತೆಗೆ ತಲೆಯೂ ಸ್ವಲ್ಪ ಸಡಿಲವಾಗಿತ್ತು. ಒಲೆಯ ಮೇಲೆ ಸೂಪ್ ಇಟ್ಟು ಮೀನು ಹಿಡಿಯಲು ಹೋಗಿಬಿಟ್ಟಿದ್ದ. ಟ್ರಕ್ಕನ್ನು ಅಂಚೆ ಕಚೇರಿಯ ಮುಂದೆ ನಿಲ್ಲಿಸಿ, ಮನೆಗೆ ನಡೆದು ಬಂದು, ಟ್ರಕ್ ಕಳುವಾಗಿದೆ ಎಂದು ಶೆರಿಫನಿಗೆ ಫೋನ್ ಮಾಡಿದ್ದ. ಮಗಳು ಕಾರ್ಲೀನ್ ಎರಡು ಗಂಟೆ ದಾರಿಯ ಪಟ್ಟಣದಿಂದ ಬಂದು, ವೃದ್ಧರ ವಸತಿಯ ಕಾಗದಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದಳು. ಕೊನೆಗೆ ಅಪ್ಪ ಮಗಳ ನಡುವೆ ಒಂದು ಮಾತಾಯಿತು. ಇನ್ನೊಂದು ಅನಾಹುತ, ನಿಜವಾದ ಅನಾಹುತ ಆದರೆ ನಾರ್ಬರ್ಟ್ ತಾನಾಗಿ ಹೊರಡುತ್ತಾನೆ. ಅಲ್ಲಿಯವರೆಗೆ ಮನೆ ಅವನದು, ದೋಣಿ ಅವನದು, ಟೆಸ್ ಎಂಬ ಕಂದು ಹೆಣ್ಣುನಾಯಿಯೂ ಅವನ ಜೊತೆಗೆ.

"ನನ್ನದು ಒಂದೇ ತೋಟಾ ಉಳಿದಿರೋ ಕೋವಿ ಕಣೋ," ಎಂದು ಅವನು ಲೈಲನ ಮುಂದೆ ನಕ್ಕಿದ್ದ. "ಆ ಸೇಫ್ಟಿ ಗುಂಡಿ ದೊಡ್ಡದು ಹಾಕ್ಕೊಡು. ಅದೊಂದು ಕೈಗೆ ಸಿಕ್ರೆ ಈ ಸಲದ ಬಾತು ಬೇಟೆ ಪಾರು."

ಲೈಲ್ ದೊಡ್ಡ ತಲೆಯ ಗುಂಡಿ ತರಿಸಿದ. ಒತ್ತಿ ಸೇಫ್ಟಿ ಬಿಡಿಸಿದಾಗ, ಅಂದರೆ ಕೋವಿ ಹಾರಲು ಸಿದ್ಧವಾದಾಗ, ಅದರ ಕುತ್ತಿಗೆಯ ಕೆಂಪು ಗೆರೆ ಕಾಣಬೇಕು, ಸೇಫ್ಟಿ ಹಾಕಿದಾಗ ಮುಚ್ಚಿಕೊಳ್ಳಬೇಕು. ಬೇಟೆ ಶುರುವಾಗುವ ಹಿಂದಿನ ಶುಕ್ರವಾರ ಸಂಜೆ ಕೂರಿಸಲು ಹೋದರೆ, ನಕಲಿಯ ತೂತು ಕೂದಲೆಳೆಯಷ್ಟು ಬಿಗಿ. ಅರ ತೆಗೆದು ಗುಂಡಿಯನ್ನು ಉಜ್ಜಿದ. ಹೋಗಲಿಲ್ಲ. ಮತ್ತೆ ಉಜ್ಜಿದ. ಅಷ್ಟರಲ್ಲಿ ನಾರ್ಬರ್ಟ್ ಹೊರಗೆ ಟ್ರಕ್ಕಿನ ಹಾರ್ನ್ ಒತ್ತತೊಡಗಿದ್ದ. ಊರ ಹೋಟೆಲಿನಲ್ಲಿ ಶುಕ್ರವಾರದ ಕರಿದ ಮೀನಿನ ಊಟಕ್ಕೆ ಐದು ಗಂಟೆ ದಾಟಿದರೆ ಮೇಜು ಸಿಗುವುದಿಲ್ಲ. ಲೈಲ್ ಸುತ್ತಲೂ ಇನ್ನೊಂದು ಕೈ ಉಜ್ಜಿ ಒತ್ತಿದ. ಗುಂಡಿ ಬೆಣ್ಣೆಯಂತೆ ಜಾರಿ ಕೂತಿತು. ಕೆಂಪು ಕಂಡಿತು, ಮುಚ್ಚಿತು. ಟ್ರಿಗರ್ ಎಳೆದು ನೋಡಲಿಲ್ಲ. ಮೂವತ್ತೊಂದು ವರ್ಷ ಬಾಯಲ್ಲಿ ಹೇಳಿದ್ದನ್ನು ಆ ಒಂದು ಸಂಜೆ ಕೈ ಮಾಡಲಿಲ್ಲ.

ಮರುದಿನ ಬೆಳಗ್ಗೆ ಹಿನ್ನೀರಿನ ಕಾಡುಭತ್ತದ ನಡುವೆ ದೋಣಿ ನಿಲ್ಲಿಸಿ ಇಬ್ಬರೂ ಕೂತರು. ಮಂಜು ಇನ್ನೂ ಕರಗಿರಲಿಲ್ಲ. ಟೆಸ್ ಲೈಲನ ಕಾಲ ಬಳಿ ಮುದುರಿಕೊಂಡಿತ್ತು. ಹಾರುವ ಬಾತುಗಳನ್ನು ಸೆಳೆಯಲೆಂದು ನೀರ ಮೇಲೆ ತೇಲಿಬಿಟ್ಟ ಮರದ ಬಾತುಗಳಲ್ಲಿ ಒಂದು ಮಗುಚಿಕೊಂಡಿದ್ದನ್ನು ನೋಡಿ ನಾರ್ಬರ್ಟ್, "ನೋಡು, ನಿನ್ ಬಾತು ಆಗ್ಲೇ ಸತ್ತೋಯ್ತು," ಎಂದು ನಕ್ಕು, ಅದನ್ನು ಎಳೆದುಕೊಳ್ಳಲು ಕೋವಿಯನ್ನು ಪಕ್ಕಕ್ಕೆ ಇಡಹೋದ. ದಪ್ಪ ಕೈಗವಸಿನ ಬೆರಳು ಟ್ರಿಗರಿಗೆ ಸಿಕ್ಕಿಕೊಂಡಿತು. ಅದೇ ಗಳಿಗೆಗೆ ಟೆಸ್, ಯಜಮಾನ ಎದ್ದನೆಂದು, ತಾನೂ ಎದ್ದು ದೋಣಿಯ ಮೂತಿಗೆ ಹೋಗಿ ನಿಂತಿತ್ತು.

ಸದ್ದು ಅಡಗಿದ ಮೇಲೆ ನಾಯಿ ಕೂಗಲೂ ಇಲ್ಲ. ನಾರ್ಬರ್ಟ್ ಅದರ ಮೇಲೆ ಬೋರಲಾಗಿ ಬಿದ್ದು, ತನ್ನ ಕೋಟಿನಿಂದ ಅದನ್ನು ಒತ್ತಿ ಹಿಡಿದಿದ್ದ. ಕೋವಿ ಲೈಲನ ಕಾಲ ಬಳಿ ಬಿದ್ದಿತ್ತು. ಅವನು ನೋಡಿದ. ಕೆಂಪು ಗೆರೆ ಇರಲಿಲ್ಲ. ಗುಂಡಿ ಒಳಗಿತ್ತು. ಸೇಫ್ಟಿ ಹಾಕಿದ್ದ ಕೋವಿ ಹಾರಿತ್ತು.

ಅವನು ಕೋವಿ ಎತ್ತಿಕೊಂಡು ತೋಟಾಗಳನ್ನು ಹೊರಗೆ ಹಾಕಿದ. ಹಾಕುವಾಗ ಅವನ ಬೆರಳು ಗುಂಡಿಯನ್ನು ಒತ್ತಿತು. ತೋಟಾ ತೆಗೆಯಲು ಅದನ್ನು ಒತ್ತುವ ಅಗತ್ಯ ಇರಲಿಲ್ಲ. ಬೆರಳು ತಾನಾಗಿ ಒತ್ತಿತು ಎಂದು ಲೈಲ್ ಆಮೇಲೆ ಎಷ್ಟೋ ದಿನ ಹೇಳಿಕೊಂಡ. ತಪ್ಪನ್ನು ಬೆರಳಿನ ಮೇಲೆ ಹಾಕುವುದು ಸುಲಭ.

"ನಾನು ಸೇಫ್ಟಿ ಹಾಕಿದ್ದೆ," ಎಂದ ನಾರ್ಬರ್ಟ್ ತಲೆಯೆತ್ತದೆ. "ಹಾಕಿದ್ದೆ ಅಲ್ವೇನೋ ಲೈಲ್?"

"ನಾನ್ ನೋಡ್ಲಿಲ್ಲ ನಾರ್ಬ್."

ನಾರ್ಬರ್ಟ್ ತಿರುಗಿ ಲೈಲನ ಕೈಯಲ್ಲಿದ್ದ ಕೋವಿಯನ್ನು ನೋಡಿದ. ದೊಡ್ಡ ಗುಂಡಿಯ ಕುತ್ತಿಗೆಯಲ್ಲಿ ಕೆಂಪು ಗೆರೆ ನಿಚ್ಚಳವಾಗಿತ್ತು. ಅವನು ಬಹಳ ಹೊತ್ತು ನೋಡಿದ.

"ಇಲ್ಲ," ಎಂದ. "ಹಾಕಿರ್ಲಿಲ್ಲ."

ಟೆಸ್ಸನ್ನು ಮನೆಯ ಹಿಂದೆ, ಸೇಬಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ಕುಣಿ ತೋಡಿದವನು ಲೈಲ್. ಕೋವಿಯನ್ನು ನಾರ್ಬರ್ಟ್ ಅವನ ಕೈಗೇ ಕೊಟ್ಟು, "ನನ್ ಕಣ್ಣಿಗೆ ಬೀಳ್ದಂಗೆ ಇಟ್ಕೋ," ಎಂದ. ಆಮೇಲೆ ಒಳಗೆ ಹೋಗಿ ಮಗಳಿಗೆ ತಾನೇ ಫೋನ್ ಮಾಡಿದ. ಕೊಟ್ಟ ಮಾತು ಮಾತೇ.

ಲೈಲ್ ತನ್ನ ಗ್ಯಾರೇಜಿನಲ್ಲಿ ಖಾಲಿ ಕೋವಿಗೆ ಸೇಫ್ಟಿ ಹಾಕಿ ಟ್ರಿಗರ್ ಎಳೆದ. ಮೆಲ್ಲಗೆ ಎಳೆದರೆ ತಡೆಯಿತು. ಬಲವಾಗಿ ಎಳೆದರೆ 'ಟಕ್' ಎಂದಿತು. ಮೂರು ಸಲ ಎಳೆದ, ಮೂರು ಸಲವೂ 'ಟಕ್'. ಗುಂಡಿಯಲ್ಲಿ ಟ್ರಿಗರನ್ನು ತಡೆಯಬೇಕಾದ ಜಾಗವನ್ನೇ ಅವನ ಅರ ತಿಂದುಹಾಕಿತ್ತು. ಗುಂಡಿ ಬಿಚ್ಚಿ ಜೇಬಿಗೆ ಹಾಕಿಕೊಂಡ.

ನವೆಂಬರಿನಲ್ಲಿ ಸಾಮಾನು ಸಾಗಿಸುವ ದಿನ ಕಾರ್ಲೀನ್ ಅವನನ್ನು ವರಾಂಡಕ್ಕೆ ಕರೆದಳು. ಅವಳು ಕೂಡ ಅವನ ನೆಲಮಾಳಿಗೆಯ ಶಿಷ್ಯೆ.

"ಲೈಲ್ ಅಂಕಲ್, ನಿಜ ಹೇಳಿ. ಅಪ್ಪನ ನೆನಪು ಅಷ್ಟೊಂದು ಕೆಟ್ಟಿದ್ಯಾ? ಸೂಪು, ಟ್ರಕ್ಕು, ಇದೆಲ್ಲ ನಾನು ಸಹಿಸ್ಕೊಂಡಿರ್ತಿದ್ದೆ. ಕೋವಿ ವಿಷಯ ಒಂದು ಇಲ್ದಿದ್ರೆ ಈ ಚಳಿಗಾಲ ಇಲ್ಲೇ ಬಿಡ್ತಿದ್ದೆ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಜೊತೆಗೆ ನೆಲಮಾಳಿಗೆಯೂ, ಮೂವತ್ತೊಂದು ವರ್ಷದ ಮಕ್ಕಳೂ, ಗೋಡೆಗೆ ಹಾಕಿದ್ದ ಊರವರ ಸನ್ಮಾನ ಪತ್ರವೂ ಬಂದವು. ಲೈಲ್ ನಾಚಿಕೆಗೆ ಹೆದರಿದ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

"ಏನ್ ಹೇಳ್ಲಮ್ಮಾ," ಎಂದ. "ನಿನಗೆ ತಿಳಿದಂಗ್ ಮಾಡು."

ಚಳಿಗಾಲವೆಲ್ಲ ಆ ಗುಂಡಿ ಅವನ ಜೇಬಿನಲ್ಲೇ ಇತ್ತು. ಮಾರ್ಚಿನಲ್ಲಿ ಮೊದಲ ಪಾಠಕ್ಕೆ ಹನ್ನೆರಡು ಮಕ್ಕಳ ಮುಂದೆ ನಿಂತು, "ಸೇಫ್ಟಿ ಅನ್ನೋದು ಒಂದು ತಗಡು" ಎಂದವನು ಮುಂದಿನ ಮಾತು ಆಡಲಾರದೆ ಹೋದ. ಮೊಣಕಾಲು ನೋವು ಎಂದು ಹೇಳಿ ಮೆಟ್ಟಿಲು ಹತ್ತಿ ಹೊರಬಂದ. ಮನೆಗೆ ಬಂದವನೇ ಕೋಟು ಕೂಡ ಬಿಚ್ಚದೆ ಕಾರ್ಲೀನಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಅರ, ಮೀನಿನ ಊಟ, ಕೆಂಪು ಗೆರೆ, ಬೆರಳು, ಒಂದನ್ನೂ ಬಿಡಲಿಲ್ಲ.

"ಮನೆ ಜನವರೀಲೇ ಮಾರಾಯ್ತು, ಅಂಕಲ್," ಎಂದಳು ಕಾರ್ಲೀನ್. ಫೋನ್ ಇಟ್ಟಳು.

ಗುರುವಾರ ಅವನು ವೃದ್ಧರ ವಸತಿಗೆ ಹೋದ. ನಾರ್ಬರ್ಟ್ ಕಿಟಕಿಯ ಬಳಿ, ವಾಹನ ನಿಲ್ಲಿಸುವ ಜಾಗಕ್ಕೆ ಮುಖ ಮಾಡಿ ಕೂತಿದ್ದ. ಆ ಚಳಿಗಾಲ ಅವನ ತಲೆಯಿಂದ ಬಹಳಷ್ಟನ್ನು ಒಯ್ದಿತ್ತು. ಸತ್ತ ಹೆಂಡತಿ ಚರ್ಚಿಗೆ ಹೋಗಿದ್ದಾಳೆ ಎನ್ನುತ್ತಿದ್ದ. ಊಟ ಆಯಿತೇ ಎಂದರೆ ಪಕ್ಕದವಳನ್ನು ಕೇಳುತ್ತಿದ್ದ. ಆದರೆ ಲೈಲ್ ಕೂರುವ ಮೊದಲೇ ಪಕ್ಕದ ಕುರ್ಚಿಯ ಮುದುಕಿ, "ನಿಮ್ ಸ್ನೇಹಿತ್ರು ತಮ್ಮ ನಾಯೀನ ತಾವೇ ಕೊಂದ್ರಂತೆ, ಪಾಪ. ಸೇಫ್ಟಿ ಮರ್ತಿದ್ರಂತೆ. ದಿನಾ ಹೇಳ್ತಾರೆ," ಎಂದಳು.

ಲೈಲ್ ಜೇಬಿನಿಂದ ಗುಂಡಿ ತೆಗೆದು ನಾರ್ಬರ್ಟನ ಜೋಮು ಹಿಡಿದ ಅಂಗೈಯಲ್ಲಿಟ್ಟ.

"ನಾರ್ಬ್, ಇಲ್ನೋಡು. ಇದನ್ನ ನಾನು ಜಾಸ್ತಿ ಉಜ್ಜಿಬಿಟ್ಟಿದ್ದೆ. ಪರೀಕ್ಷೆ ಮಾಡ್ದೆ ನಿನ್ ಕೈಗೆ ಕೊಟ್ಟೆ. ನೀನು ಸೇಫ್ಟಿ ಹಾಕಿದ್ದೆ. ನೀನೇನೂ ಮರ್ತಿರ್ಲಿಲ್ಲ."

ನಾರ್ಬರ್ಟ್ ಗುಂಡಿಯನ್ನು ಕಣ್ಣ ಹತ್ತಿರ ತಂದು ನೋಡಿ, ಹಿಂದಿನಂತೆಯೇ ನಕ್ಕ.

"ನೀನ್ ಒಳ್ಳೇವ್ನು ಕಣೋ. ನನ್ ಸಮಾಧಾನಕ್ಕೆ ನಿನ್ ಕೈಗೇ ಮಸಿ ಬಳ್ಕೋತೀಯ. ಕೆಂಪು ಗೆರೆ ನಾನೇ ನೋಡ್ದೆ."

"ಅದನ್ನ ನಾನ್ ಒತ್ತಿದ್ದು. ಆಮೇಲೆ ಒತ್ತಿದ್ದು ನಾರ್ಬ್, ನೀನು ನಾಯಿ ಮೇಲೆ ಬಿದ್ದಿದ್ದಾಗ."

"ಸಾಕ್ ಬಿಡಯ್ಯಾ," ಎಂದ ನಾರ್ಬರ್ಟ್ ಅವನ ಮೊಣಕಾಲು ತಟ್ಟಿ. "ಸುಳ್ ಹೇಳೋಕೂ ಬರಲ್ಲ ನಿಂಗೆ. ಮಕ್ಳಿಗೆ ಪಾಠ ಹೇಳೋನು ನೀನು, ಅಂಥ ಕೆಲ್ಸ ಮಾಡ್ತೀಯಾ?"

ಲೈಲ್ ಈಗಲೂ ಪ್ರತಿ ಗುರುವಾರ ಹೋಗುತ್ತಾನೆ. ಗುಂಡಿಯನ್ನು ಅಂಗೈಯಲ್ಲಿಟ್ಟು ಮೊದಲಿನಿಂದ ಹೇಳುತ್ತಾನೆ. ನಾರ್ಬರ್ಟನಿಗೆ ಹಿಂದಿನ ವಾರ ಕೇಳಿದ್ದು ನೆನಪಿರುವುದಿಲ್ಲ, ಪೂರ್ತಿ ಗಮನವಿಟ್ಟು ಕೇಳುತ್ತಾನೆ. ಕೇಳಿ ಮುಗಿಸಿ, ಗುಂಡಿಯನ್ನು ವಾಪಸು ಕೊಡುತ್ತಾ, ಕೆಂಪು ಗೆರೆ ನಾನೇ ನೋಡಿದೆ ಎನ್ನುತ್ತಾನೆ.