ಹನ್ನೊಂದು ಮೊಳೆಗಳ ಕಿಟಕಿ

ತಾಪಮಾಪಕಗಳನ್ನು ಪರೀಕ್ಷಿಸುವ ಆ ಕೋಣೆಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಒಳಗೆ ಒಬ್ಬರೇ ಇರಬೇಕು. ಮನುಷ್ಯನ ದೇಹ ಸುಮ್ಮನೆ ಕೂತಿದ್ದರೂ ನೂರು ವ್ಯಾಟಿನ ಹಳೆಯ ಬಲ್ಬಿನಷ್ಟು ಶಾಖ ಬಿಡುತ್ತದೆ. ಇಬ್ಬರು ಸೇರಿ ಹರಟಿದರೆ, ಇಪ್ಪತ್ತು ಡಿಗ್ರಿಗೆ ಕಟ್ಟಿಹಾಕಿದ ಗಾಳಿ ಹತೋಟಿ ತಪ್ಪುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಆ ಒಬ್ಬರು ಅವಳೇ. ಬಾಗಿಲು ದಾಟುತ್ತಲೇ ಕೋಣೆ ಅರ್ಧ ಡಿಗ್ರಿ ಏರಿದೆಯೋ ಇಳಿದಿದೆಯೋ ಎಂದು ಚರ್ಮದಿಂದಲೇ ಹೇಳಿಬಿಡುತ್ತಿದ್ದಳು. ಅದಕ್ಕೇ ಕಚೇರಿಯಲ್ಲಿ ಅವಳಿಗೆ ಪಾದರಸ ಎಂಬ ಹೆಸರು ಬಿದ್ದಿತ್ತು. ಪಕ್ಕದ ತೂಕದ ಕೋಣೆಯವನನ್ನು ಎಲ್ಲರೂ ತಕ್ಕಡಿ ಎಂದು ಕರೆಯುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯೊಂದರ ಲಸಿಕೆ ಪೆಟ್ಟಿಗೆಗಳಿಗೆಂದು ಬಂದ ನಲವತ್ತು ತಾಪಮಾಪಕಗಳನ್ನು ಸಾಲಾಗಿ ಜೋಡಿಸಿಕೊಂಡು ಅವಳು ಕೂತಿದ್ದಳು. ಆಗ ಹಿಂದಿನಿಂದ ಯಾರೋ ಅವಳ ಕತ್ತಿನ ಮೇಲೆ ಬಿಸಿಯುಸಿರು ಬಿಟ್ಟರು.

ತಿರುಗಿ ನೋಡಿದಳು. ಬಾಗಿಲು ಹಾಕಿಯೇ ಇತ್ತು. ಉಸಿರು ಕತ್ತಿನಿಂದ ಕಿವಿಗೆ, ಕಿವಿಯಿಂದ ಕೆನ್ನೆಗೆ ಹಬ್ಬಿತು. ಎದೆ ಡವಡವ ಹೊಡೆದುಕೊಂಡಿತು. ನೋಡನೋಡುತ್ತಲೇ ಬೆನ್ನು ಒದ್ದೆಯಾಯಿತು. ಕೋಣೆಯೊಳಗೆ ಇನ್ನೊಬ್ಬರಿದ್ದಾರೆ ಎಂಬುದು ಮೊದಲು ಹೊಳೆದ ಯೋಚನೆ. ಹಾಗಾದರೆ ಕೋಣೆ ಕಾದಿದೆ ಎಂಬುದು ಎರಡನೆಯದು. ಉಳಿದವನ್ನೆಲ್ಲ ಹೋಲಿಸಿ ನೋಡುವ ಗೋಡೆಯ ಮೂಲಮಾಪಕ ಇಪ್ಪತ್ತು ಎನ್ನುತ್ತಿತ್ತು. ಮೇಜಿನ ಮೇಲಿನ ನಲವತ್ತೂ ಅದನ್ನೇ ಹೇಳುತ್ತಿದ್ದವು. ನಲವತ್ತೊಂದು ಸಾಕ್ಷಿಗಳು ಒಂದು ಕಡೆ, ಅವಳ ಚರ್ಮ ಇನ್ನೊಂದು ಕಡೆ. ಅವಳು ಚರ್ಮವನ್ನು ನಂಬಿದಳು. ಮೂಲಮಾಪಕ ಎರಡು ಡಿಗ್ರಿ ಕಡಿಮೆ ತೋರಿಸುತ್ತಿದೆ ಎಂದು ಬರೆದು, ನಲವತ್ತನ್ನೂ ತಿರಸ್ಕರಿಸಿ ಸಹಿ ಹಾಕಿದಳು.

ಮಧ್ಯಾಹ್ನ ತಕ್ಕಡಿ ಮನಸ್ಸು ತಡೆಯದೆ ಅವುಗಳಲ್ಲಿ ನಾಲ್ಕನ್ನು ಕರಗುವ ಮಂಜುಗಡ್ಡೆಯಲ್ಲಿ ಅದ್ದಿ ನೋಡಿದ. ನಾಲ್ಕೂ ಸರಿಯಾಗಿ ಸೊನ್ನೆಗೆ ಬಂದು ನಿಂತವು.

“ಏನ್ರೀ ಪಾದರಸ, ಜ್ವರ ಗಿರ ಬಂದಿದ್ಯಾ?”

“ಕೋಣೆ ಕಾದಿತ್ತು.”

“ಕೋಣೆ ಅಲ್ಲ, ನೀವು ಕಾದಿದ್ರಿ. ನಮ್ಮ ಮನೇಲೂ ಒಬ್ರು ಚಳೀಲಿ ಫ್ಯಾನ್ ಹಾಕ್ತಾರೆ. ನಾನು ಕಂಬಳಿ ಹೊದ್ದು ಸುಮ್ನಿರ್ತೀನಿ. ಮಾತಾಡಿದ್ರೆ ಕಂಬಳೀನೂ ಹೋಗುತ್ತೆ.”

ಅವಳಿಗೆ ನಗು ಬರಲಿಲ್ಲ.

ಮುಖ್ಯಸ್ಥರು ಬೈಯಲಿಲ್ಲ. “ಎರಡು ವಾರ ಸಹಿ ಹಾಕ್ಬೇಡಿಮ್ಮ. ಯಾಕೆ ಹೀಗಾಯ್ತು ಅಂತ ಬರೆದುಕೊಡಿ. ಉಪಕರಣ ತಪ್ಪಿದ್ರೂ ಇದನ್ನೇ ತಾನೆ ಮಾಡೋದು?”

ಯಾಕೆ ಹೀಗಾಯಿತು ಎಂಬುದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಅಮ್ಮನಿಗೆ ನಲವತ್ತೇಳು ತುಂಬಿದ ವರ್ಷವೇ ಅದು ಶುರುವಾದದ್ದು. ಈಗ ಅವಳಿಗೂ ನಲವತ್ತೇಳು.

ಆಗ ಅವಳು ಹದಿನೇಳರ ಹುಡುಗಿ. ಹಲ್ಲು ಕಟಕಟಿಸುವ ಚಳಿಯಲ್ಲೂ ಅಮ್ಮ ಮನೆಯ ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದಳು. “ಯಾರೋ ಹಿಂದೆ ನಿಂತು ಉಸಿರು ಬಿಡ್ತಾರೆ ಕಣೇ” ಎನ್ನುತ್ತಿದ್ದಳು. ಒಲೆ ಹಚ್ಚಿ ಮರೆಯುತ್ತಿದ್ದಳು. ಪಕ್ಕದ ಮನೆಯವಳ ಹೆಸರು ನಾಲಿಗೆಗೆ ಬಾರದೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಒಂದು ದಿನ ಹಿಂದಿನ ಕೋಣೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ನಿಂತದ್ದನ್ನು ಅಪ್ಪ ಕಂಡರು. ಅದು ಎರಡನೆಯ ಮಹಡಿ. ಅಪ್ಪ ಕುರ್ಚಿ ಹತ್ತಿ, ಆ ಕಿಟಕಿ ಮುಚ್ಚಿ, ಮೊಳೆ ಹೊಡೆದರು. ಹಿಂದಕ್ಕೆ ಚಾಚಿದ ಅವರ ಅಂಗೈಗೆ ಒಂದೊಂದೇ ಮೊಳೆ ಇಟ್ಟವಳು ಆ ಹದಿನೇಳರ ಮಗಳು. ಒಟ್ಟು ಹನ್ನೊಂದು. ಆಮೇಲೆ ನಿದ್ದೆಯ ಮಾತ್ರೆಗಳು ಬಂದವು. ಅಮ್ಮ ಅದೇ ಕೋಣೆಯಲ್ಲಿ ಹನ್ನೆರಡು ವರ್ಷ, ಮೂಲೆಗೆ ತಳ್ಳಿದ ಮೇಜಿನ ಹಾಗೆ, ಯಾರ ಗೋಜಿಗೂ ಹೋಗದೆ ಬದುಕಿ ತೀರಿಕೊಂಡಳು.

ಅದೇ ಮನೆಯಲ್ಲಿ ಈಗ ಅವಳೂ ಅಮ್ಮನ ತಂಗಿಯೂ ಇದ್ದರು. ಮಡಚಿದ ಬಟ್ಟೆಗಳನ್ನು ಎತ್ತಿಡುತ್ತಾ ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು.

“ಮತ್ತೆ ಮುಖ ಕೆಂಪಗಾಯ್ತಲ್ಲೇ.”

“ಸೆಕೆ.”

“ಎಲ್ಲಿ ಸೆಕೆ? ನಾನು ಸ್ವೆಟರ್ ಹಾಕ್ಕೊಂಡು ಕೂತಿದ್ದೀನಿ.” ಚಿಕ್ಕಮ್ಮ ದನಿ ತಗ್ಗಿಸಿದಳು. “ನಿಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು ಕಣೇ. ಆಫೀಸಲ್ಲಿ ಬಾಯಿ ಬಿಡ್ಬೇಡ.”

“ಬಿಟ್ರೆ ಏನು ಮಾಡ್ತಾರೆ? ಮೊಳೆ ಹೊಡೀತಾರಾ?”

ಚಿಕ್ಕಮ್ಮನ ಕೈಯಲ್ಲಿದ್ದ ಟವೆಲು ಮಡಿಕೆ ಬಿಚ್ಚಿಕೊಂಡಿತು.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ವಿಷಯ ಖಚಿತವಾಗಿತ್ತು: ಹುಚ್ಚೇ ಆದರೂ ಅದನ್ನು ಅಳೆಯದೆ ಒಪ್ಪಿಕೊಳ್ಳುವವಳಲ್ಲ ತಾನು. ಕಚೇರಿಯಿಂದ ಎರಡು ಸಣ್ಣ ತಾಪಮಾಪಕಗಳನ್ನು ಕೇಳಿ ತಂದಳು. ಒಂದನ್ನು ಬೆರಳ ತುದಿಗೆ ಅಂಟಿಸಿಕೊಂಡಳು, ಇನ್ನೊಂದನ್ನು ಎದುರಿಗಿಟ್ಟಳು. ಉಸಿರು ಬಂದಾಗಲೆಲ್ಲ ಗಂಟೆ, ನಿಮಿಷ, ಬೆರಳಿನ ಶಾಖ, ಕೋಣೆಯ ಶಾಖ, ನಾಡಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಳು. ಒಂಬತ್ತು ದಿನಗಳಲ್ಲಿ ಮೂವತ್ತೊಂದು ಸಲ ಬಂತು. ಬಂದಾಗಲೆಲ್ಲ ಬೆರಳು ನಾಲ್ಕೈದು ನಿಮಿಷಗಳಲ್ಲಿ ಮೂರು ಡಿಗ್ರಿಯಷ್ಟು ಏರುತ್ತಿತ್ತು, ನಾಡಿ ಓಡುತ್ತಿತ್ತು, ಆಮೇಲೆ ಬೆವರು, ಬೆವರಿನ ಹಿಂದೆಯೇ ನಡುಕ. ಎದುರಿಗಿದ್ದ ತಾಪಮಾಪಕ ಮಾತ್ರ ಒಮ್ಮೆಯೂ ಕದಲಲಿಲ್ಲ.

ಪುಸ್ತಕದ ಕೊನೆಯ ಸಾಲನ್ನು ಅವಳು ಬಹಳ ಹೊತ್ತು ನೋಡಿದಳು. ಬಿಸಿ ಸುಳ್ಳಲ್ಲ. ಅದು ಕೋಣೆಯದ್ದಲ್ಲ, ಅಷ್ಟೇ.

ಆ ಪುಸ್ತಕವನ್ನು ಹಿಡಿದು ಸ್ತ್ರೀರೋಗ ವೈದ್ಯೆಯ ಬಳಿ ಹೋದಳು. ವೈದ್ಯೆ ಒಂದೊಂದೇ ಪುಟ ತಿರುವಿ ಹಾಕಿದರು.

“ಮುಟ್ಟು ಹೇಗಿದೆ?”

“ಮೂರು ತಿಂಗಳಿಗೊಮ್ಮೆ. ಬಂದ್ರೆ ಹತ್ತು ದಿನ. ಕೆಲಸದ ಒತ್ತಡ ಅಂದ್ಕೊಂಡಿದ್ದೆ.”

“ಎಲ್ಲಾರೂ ಹಾಗೇ ಅಂದ್ಕೊಳ್ತಾರೆ. ಮುಟ್ಟು ನಿಲ್ಲೋಕೆ ಮುಂಚಿನ ಕಾಲ ಇದು, ಕೆಲವರಿಗೆ ವರ್ಷಗಟ್ಟಲೆ ಎಳೆಯುತ್ತೆ. ಹಾರ್ಮೋನು ಏರಿಳಿಯೋವಾಗ ಮೈಶಾಖ ನೋಡ್ಕೊಳ್ಳೋ ಮಿದುಳಿನ ಭಾಗ ಅತಿ ಸೂಕ್ಷ್ಮ ಆಗಿಬಿಡುತ್ತೆ. ಚೂರು ಹೆಚ್ಚುಕಮ್ಮಿ ಆದ್ರೂ ಮೈ ಕಾದುಹೋಯ್ತು ಅಂತ ರಕ್ತಾನೆಲ್ಲ ಚರ್ಮಕ್ಕೆ ನೂಕುತ್ತೆ. ನಿದ್ದೆ ಕೆಟ್ಟು ಮಾತು ಮರೆಯುತ್ತೆ, ಎದೆ ಹೊಡ್ಕೊಳ್ಳುತ್ತೆ, ಕಾರಣ ಇಲ್ದೆ ಭಯ ಆಗುತ್ತೆ.”

“ಹುಚ್ಚಲ್ವಾ?”

“ಹುಚ್ಚಿಗೆ ಯಾರಾದ್ರೂ ಇಷ್ಟು ಚೆನ್ನಾಗಿ ಲೆಕ್ಕ ಇಡ್ತಾರಾ?” ವೈದ್ಯೆ ನಕ್ಕು, ಮತ್ತೆ ಗಂಭೀರರಾದರು. “ಹತ್ತು ದಿನ ಹೋಗೋದು ಮಾತ್ರ ಸರಿಯಲ್ಲ, ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡ್ಸೋಣ. ಹಾರ್ಮೋನು ಚಿಕಿತ್ಸೆ ಇದೆ. ಮನೇಲಿ ಸ್ತನದ ಕ್ಯಾನ್ಸರ್, ನಿಮಗೆ ರಕ್ತ ಹೆಪ್ಪುಗಟ್ಟೋ ತೊಂದರೆ, ಅಂಥದ್ದೇನಾದ್ರೂ ಇದ್ರೆ ಹೇಳಿ, ನೋಡಿ ನಿರ್ಧಾರ ಮಾಡೋಣ. ಹಾರ್ಮೋನು ಇಲ್ಲದ ಔಷಧಿಗಳೂ ಇವೆ.”

ಅವಳು ಏಳಲಿಲ್ಲ. ಅಮ್ಮನ ವಿಷಯ ಹೇಳಿದಳು. ಕಿಟಕಿ, ಉಸಿರು, ಮಾತ್ರೆಗಳು. ಮೊಳೆ ಕೊಟ್ಟವಳು ಯಾರೆಂಬುದನ್ನೂ ಹೇಳಿದಳು.

ವೈದ್ಯೆ ಪುಸ್ತಕ ಮುಚ್ಚಿ ಅವಳ ಕಡೆಗೆ ಸರಿಸಿದರು. “ನೋಡದೇ ಇರೋರ ಬಗ್ಗೆ ನಾನು ಹೇಳೋಕಾಗಲ್ಲಮ್ಮ. ಬೇರೆ ಕಾಯಿಲೆಯೂ ಇದ್ದಿರಬಹುದು. ಇದೇ ಆಗಿದ್ದಿರಲೂಬಹುದು. ಯಾರೂ ಅಳೆದಿಲ್ಲ.”

ಮುಖ್ಯಸ್ಥರಿಗೆ ಅವಳು ಬರೆದುಕೊಟ್ಟ ವರದಿಯಲ್ಲಿ ನಾಲ್ಕೇ ಸಾಲು: ಮೂಲಮಾಪಕ ಸರಿಯಾಗಿದೆ, ಪರೀಕ್ಷಕಿಯ ದೇಹದ ಶಾಖ ಏರಿತ್ತು, ಚಿಕಿತ್ಸೆ ಆರಂಭವಾಗಿದೆ, ಇನ್ನು ಮುಂದೆ ಚರ್ಮವನ್ನು ಉಪಕರಣವಾಗಿ ಬಳಸುವುದಿಲ್ಲ. ಹದಿನೈದನೆಯ ದಿನ ಸಹಿಯ ಅಧಿಕಾರ ಮರಳಿತು. ತಕ್ಕಡಿ ತನ್ನ ಹೆಂಡತಿಗೆಂದು ಆ ವೈದ್ಯೆಯ ವಿಳಾಸವನ್ನು ಗುಟ್ಟಾಗಿ ಬರೆದುಕೊಂಡ.

ಆ ಭಾನುವಾರ ಮಧ್ಯಾಹ್ನ ಅವಳು ಇಕ್ಕಳ ಹಿಡಿದು ಹಿಂದಿನ ಕೋಣೆಗೆ ಹೋದಳು. ಬಾಗಿಲಲ್ಲಿ ಚಿಕ್ಕಮ್ಮ ಬಂದು ನಿಂತಳು. ಬೇಡ ಎನ್ನುತ್ತಾಳೆಂದು ಅವಳು ಕಾದಳು. ಚಿಕ್ಕಮ್ಮ ಒಳಗೆ ಬಂದು ಅಂಗೈ ಚಾಚಿದಳು.

ತುಕ್ಕು ಹಿಡಿದ ಮೊಳೆಗಳು ಕಿರ್ರೆಂದು ಒಂದೊಂದೇ ಹೊರಬಂದವು. ಅವಳು ಒಂದೊಂದನ್ನೇ ಆ ಅಂಗೈಗೆ ಹಾಕಿದಳು. ಹನ್ನೊಂದೂ ಸಿಕ್ಕವು. ಚೌಕಟ್ಟನ್ನು ಎರಡೂ ಕೈಯಿಂದ ನೂಕಿದಾಗ ಮೂವತ್ತು ವರ್ಷಗಳ ಧೂಳು ಉದುರಿ, ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಚಿಕ್ಕಮ್ಮ ಸೆರಗಿನಲ್ಲಿ ಮೊಳೆಗಳನ್ನು ಕಟ್ಟಿಕೊಂಡು ಹೊರಗೆ ಹೋದಳು.

ಅವಳೊಬ್ಬಳೇ ಉಳಿದಳು. ಆಗ ಅದು ಬಂತು: ಕತ್ತಿನ ಮೇಲೆ, ಕಿವಿಯ ಹಿಂದೆ, ತೀರಾ ಹತ್ತಿರದಲ್ಲಿ ಬಿಸಿಯುಸಿರು. ಅದು ಏನೆಂದು ಅವಳಿಗೆ ಈಗ ಗೊತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಆದರೂ ಕಿಟಕಿಯ ಮುಂದೆ ಇನ್ನೊಬ್ಬರಿಗೆ ಜಾಗವಾಗುವಷ್ಟು ಪಕ್ಕಕ್ಕೆ ಸರಿದು ನಿಂತಳು.