ಎಂಟನೆಯ ಗುಡ್ಡ

ಹಸಿರು, ಪರದೆಯ ಮೂಲೆಯಲ್ಲಿ ಹಸಿರು ಬಂದೇಬಿಟ್ಟಿತಲ್ಲ, ಪಾಸು, ಇಷ್ಟು ಸಲೀಸಾಗಿ ಪಾಸಾಗುವ ಮುದುಕಿಯೇ ಇದು — ರಕ್ತದ ಕಣಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸಿ ಯಾವುದೆಷ್ಟು ಮಿನುಗುತ್ತದೆಂದು ಹೇಳುವ ಹಳೇ ಯಂತ್ರ, ಲ್ಯಾಬಿನವರೆಲ್ಲರ ಬಾಯಲ್ಲಿ ಅಜ್ಜಿ, ಬೇರೆ ಬೇರೆ ಹೊಳಪಿನ ಸಣ್ಣ ಮಣಿಗಳನ್ನು ಹಾಯಿಸಿ ಅಜ್ಜಿಯ ಕಣ್ಣು ಎಷ್ಟು ಚುರುಕೆಂದು ಅಳೆಯುವ ಸಾಫ್ಟ್‌ವೇರ್ ಬರೆದವರು ಭಾವ, ಅಕ್ಕನ ಗಂಡ, ನಾಳೆ ಅಜ್ಜಿಯ ಮುಂದೆ ಹಾಯುವುದು ಅಕ್ಕನದೇ ರಕ್ತ, ಔಷಧಿಯೆಲ್ಲ ಕೊಟ್ಟು ಮುಗಿದಿದೆ, ಮಂಕಾಗಿ ಮಿನುಗುವ ಕೆಟ್ಟ ಕಣ ಒಂದಾದರೂ ಉಳಿದಿದ್ದರೆ — ಥೂ, ಬಿಡ್ತು ಅನ್ನು. ನಿಮ್ಮಜ್ಜಿಗೆ ಮೊದ್ಲು ಒಂದು ಕನ್ನಡಕ ಹಾಕ್ಸೇ, ಬೆಳಿಗ್ಗೆ ಮನೆಯಲ್ಲಿ ಬೋಳುತಲೆಗೆ ಸ್ಕಾರ್ಫ್ ಸುತ್ತಿಕೊಳ್ಳುತ್ತ ಅಕ್ಕ ನಗುತ್ತಾಳೆ, ನಗುವುದಕ್ಕೂ ಹೊತ್ತುಗೊತ್ತು ಬೇಡವೇ ಇವಳಿಗೆ, ಚಿಕ್ಕಂದಿನಲ್ಲಿ ಈ ತಂಗಿಯ ಜಡೆ ಹೆಣೆಯುವಾಗಲೂ ಹೀಗೇ, ಅಲ್ಲಾಡ್ಬೇಡ್ವೇ ಕೋತಿ, ತಲೆಗೊಂದು ಮೊಟಕು, ಆ ಬೆರಳುಗಳೀಗ ಎಷ್ಟು ಸಣ್ಣಗಾಗಿವೆ — ಫೋನು, ಭಾವನದೇ, ಪಾಸಾಯ್ತು ಭಾವ! ಗ್ರಾಫಲ್ಲಿ ಎಷ್ಟು ಗುಡ್ಡ ಕಾಣ್ತಿದೆ? ಏಳು. ಮಣಿ ಎಂಟು ಥರದ್ದಲ್ವೇನಮ್ಮ, ಥರಕ್ಕೊಂದು ಗುಡ್ಡ, ಸಾಫ್ಟ್‌ವೇರ್‌ಗೆ ಎಷ್ಟು ಅಂತ ಹೇಳ್ದೆ? ಏಳು ಅಂತ... ಅಯ್ಯೋ ನನ್ನ ಬುದ್ಧಿಗಿಷ್ಟು, ಕಂಡಷ್ಟನ್ನೇ ಒತ್ತಿದಳಲ್ಲ, ಮಿನುಗದೇ ಇರುವ ಕಪ್ಪು ಮಣಿಯೂ ಎಲ್ಲಕ್ಕಿಂತ ಮಂಕಾಗಿ ಮಿನುಗುವ ಮಣಿಯೂ ಒಂದೇ ಗುಡ್ಡದೊಳಗೆ ಸೇರಿಕೊಂಡಿವೆ, ಸಾಫ್ಟ್‌ವೇರೂ ಪಾಪ ಏಳೇ ಇರಬೇಕೆಂದು ನಂಬಿ ಹಸಿರು ತೋರಿಸಿದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

ತೊಳಿ, ತೊಳೆದು ಇನ್ನೊಂದ್ಸಲ ಓಡ್ಸು, ನಾನು ಫೋನ್ ಇಡಲ್ಲ, ಎನ್ನುತ್ತಾರೆ ಭಾವ, ಅವಳು ಅಜ್ಜಿಯ ಕೊಳವೆಗೆ ತೊಳೆಯುವ ದ್ರಾವಣ ಬಿಡುತ್ತಾಳೆ, ಕಣ್ಣು ಬಿಡೇ ನಮ್ಮಮ್ಮ, ಬಂಗಾರಿ, ಇದೊಂದು ಸಲ, ಮಣಿಯ ಬಾಟಲಿ ಕುಲುಕುತ್ತಾಳೆ, ಎಂಟು ಎಂದು ಒತ್ತುತ್ತಾಳೆ, ಗುಡ್ಡಗಳು ಚುಕ್ಕೆ ಚುಕ್ಕೆಯಾಗಿ ಏಳುತ್ತವೆ, ಎಡತುದಿಯ ದಪ್ಪ ಗುಡ್ಡದ ನೆತ್ತಿ ತಗ್ಗುತ್ತದೆ, ಸೀಳುತ್ತದೆ — ಕಾಣ್ತು ಭಾವ, ಎಂಟೂ ಕಾಣ್ತು! ಆ ಕಡೆಯಿಂದ ಮೆಲ್ಲಗೆ, ಹಾಗಾದ್ರೆ ನಾಳೆ ಏನಿದ್ರೂ ಕಾಣತ್ತೆ, ಅಲ್ವಾ? ಹ್ಞೂಂ ಭಾವ, ಏನಿದ್ರೂ. ಇದಕ್ಕೇ ತಾನೆ ತೊಳೆದದ್ದು, ಇದಕ್ಕೇ ತಾನೆ ಅಂಗಲಾಚಿದ್ದು, ಮತ್ತೇಕೆ ಬೆರಳು ಏಳರ ಕಡೆಗೇ ಹೋಗುತ್ತಿದೆ, ಏನೂ ಕಾಣದಿರಲೆಂದು ಇನ್ನೊಮ್ಮೆ ಏಳು ಎಂದು ಒತ್ತಿಬಿಡಲೇ, ಅಕ್ಕಾ, ಒತ್ತಿಬಿಡಲೇನೇ — ಇಲ್ಲ, ಒತ್ತುವುದಿಲ್ಲ, ಕಪ್ಪು ಗುಡ್ಡದ ಪಕ್ಕ ಆ ಮಂಕು ಗುಡ್ಡ, ಎಷ್ಟು ಚಿಕ್ಕದು, ಆದರೂ ಬೇರೆ, ಮಂಕು ಗುಡ್ಡ, ಕಾಣುತ್ತಿದೆ, ಆ ಮಂಕು ಗುಡ್ಡ